ಎಲೆಯ ಹಸಿರೂ ಕಣ್ಣಿನ ತೀರ್ಪೂ

ಎಲೆ ಕಡುಹಸಿರಾಗಿದ್ದರೆ ಪೈರು ಸೊಗಸಾಗಿದೆಯೆಂದೂ, ತಿಳಿಯಾಗಿದ್ದರೆ ಗೊಬ್ಬರ ಸಾಲದೆಂದೂ ತೀರ್ಮಾನಿಸುವುದು ಬಹುಕಾಲದ ರೂಢಿ. ಈ ರೂಢಿಯಲ್ಲಿ ಅರ್ಧ ಮಾತ್ರ ಸತ್ಯವಿದೆಯೆಂಬುದು ನಮ್ಮ ಅಭಿಪ್ರಾಯ. ಮೆಕ್ಕೆಜೋಳದ ವಿಷಯದಲ್ಲಂತೂ ಉಳಿದ ಅರ್ಧವನ್ನು ಮರೆತರೆ ರೈತನ ಹಣ ಯೂರಿಯಾದೊಡನೆ ನೀರಿನಲ್ಲಿ ಕರಗಿಹೋಗುವುದು. (ಮೈಸೂರಿನ ಕಡೆಯವರು ಇದನ್ನು ಮುಸುಕಿನ ಜೋಳವೆನ್ನುವರು, ಧಾರವಾಡದ ಕಡೆಯವರು ಗೋವಿನ ಜೋಳವೆನ್ನುವರು, ನಮ್ಮ ಶಾಲೆಯಲ್ಲಿ ಎರಡೂ ಕಡೆಯ ಮಕ್ಕಳಿರುವುದರಿಂದ ಮೂರನೆಯ ಹೆಸರನ್ನು ಹಿಡಿದಿದ್ದೇವೆ.)

ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಅಣುವಿನ ನಡುವೆ ಮೆಗ್ನೀಸಿಯಂ ಇದೆ. ಅದರ ಸುತ್ತ ಸಾರಜನಕದ ನಾಲ್ಕು ಪರಮಾಣುಗಳಿವೆ. ಆದುದರಿಂದ ನೆಲದಲ್ಲಿ ಸಾರಜನಕ ಕಡಮೆಯಾದರೆ ಎಲೆ ಬಿಳಿಚುವುದು ಸಹಜವೇ. ಆದರೆ ಒಂದೇ ಹೊಲದಲ್ಲಿ ಒಂದೇ ಗೊಬ್ಬರವುಂಡು ಬೆಳೆದ ಎರಡು ತಳಿಗಳ ಹಸಿರು ಒಂದೇ ಆಗಿರಬೇಕಾಗಿಲ್ಲ. ಹುಟ್ಟಿನಿಂದ ಬಂದ ಬಣ್ಣವೂ ಒಂದುಂಟು.

ಮೆಕ್ಕೆಜೋಳದ ಹೊಲವೆಂದರೆ ಅನೇಕ ಸಂಕರಗಳ ಕಲಸುಮೇಲೋಗರವೆಂದು ಅಮೆರಿಕದ ಜಾರ್ಜ್ ಷಲ್ 1908ರಲ್ಲಿ ತೋರಿಸಿದನು. ಗಿಡಕ್ಕೆ ಅದರದೇ ಪರಾಗವನ್ನು ಹಲವು ತಲೆಮಾರು ಕೊಡುತ್ತ ಹೋದರೆ ಶುದ್ಧ ತಳಿಗಳು ದೊರೆಯುತ್ತವೆ. ಅವು ಕುಳ್ಳಗೆ, ಸೊರಗಿದಂತಿರುತ್ತವೆ. ಎರಡು ಶುದ್ಧ ತಳಿಗಳನ್ನು ಕೂಡಿಸಿದರೆ ಸಂತಾನವು ತಾಯಿತಂದೆಗಳಿಬ್ಬರನ್ನೂ ಮೀರಿಸಿ ಬೆಳೆಯುವುದು. ಶುದ್ಧಗೊಳಿಸುವಾಗಲೇ ಅಡಗಿದ್ದ ದೋಷಗಳು ಬಯಲಿಗೆ ಬರುತ್ತವೆ. ದೋಷವನ್ನು ಹೊತ್ತ ಗಿಡದ ಬೀಜವನ್ನು ಬಿತ್ತಿದರೆ ಸುಮಾರು ನಾಲ್ಕು ಸಸಿಗಳಿಗೆ ಒಂದು ಬೆಳ್ಳಗೆ ಮೊಳೆತು, ಬೀಜದೊಳಗಿನ ಬುತ್ತಿ ಮುಗಿದೊಡನೆ ಸತ್ತುಹೋಗುವುದು. ಮೆಂಡಲನ ಲೆಕ್ಕವನ್ನು ಕಣ್ಣಾರೆ ಕಾಣಲು ಇದಕ್ಕಿಂತ ಉತ್ತಮ ಪಾಠವನ್ನು ನಾವರಿಯೆವು. ಅಂತಹ ಬೀಜ ದೊರೆತರೆ ನಗರದ ಶಾಲೆಗೆ ಒಂದು ಕಿಟಕಿಯೇ ಸಾಕು.

ಎಲ್ಲ ದೋಷಗಳೂ ಇಷ್ಟು ನೇರವಾಗಿಲ್ಲ. ಪತ್ರಹರಿತ್ತಿನ ತಯಾರಿಕೆಯಲ್ಲಿ ಮೆಗ್ನೀಸಿಯಮ್ಮನ್ನು ಸೇರಿಸುವ ಕಿಣ್ವದ ಒಂದು ಭಾಗವನ್ನು 'ಆಯಿಲ್ ಯೆಲ್ಲೊ' ಎಂಬ ಜೀನು ನಿರ್ಮಿಸುತ್ತದೆ. ಅದರ ಕೆಟ್ಟ ರೂಪವೊಂದನ್ನು ಬಿ73, ಎಂಒ17 ಎಂಬ ಪ್ರಸಿದ್ಧ ಶುದ್ಧ ತಳಿಗಳೊಡನೆ ಕೂಡಿಸಿ ನೋಡಿದ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಒಂದರ ಸಂತಾನ ತುಸು ತಿಳಿಯಾದರೆ ಮತ್ತೊಂದರದು ತೀರ ಹಳದಿಯಾಗಿತ್ತು. ದೋಷವೊಂದೇ, ಮನೆತನ ಬೇರೆ!

ಈಗ ಎಲೆಯನ್ನು ಅಡಕತ್ತರಿಯಂತೆ ಕಚ್ಚಿಹಿಡಿದು, ಕೆಂಬೆಳಕೆಷ್ಟು ಹೀರಲ್ಪಟ್ಟಿತೆಂದು ಅಂಕೆಯಲ್ಲಿ ಹೇಳುವ ಸಣ್ಣ ಯಂತ್ರಗಳಿವೆ. ಯಂತ್ರ ಸುಳ್ಳಾಡದು. ಆದರೆ ಒಂದು ಸಂಕರದ ಅಂಕೆಯನ್ನು ಇನ್ನೊಂದಕ್ಕೆ ಹಚ್ಚಿ ಯೂರಿಯಾ ಸುರಿಯುವುದು ನ್ಯಾಯವಲ್ಲ. ಹೊಲದ ಮೂಲೆಯಲ್ಲಿ ಅದೇ ಬೀಜದ ನಾಲ್ಕು ಸಾಲುಗಳಿಗೆ ಗೊಬ್ಬರವನ್ನು ಧಾರಾಳವಾಗಿ ಕೊಟ್ಟು, ಉಳಿದ ಪೈರಿನ ಅಂಕೆ ಅದರ ನೂರಕ್ಕೆ 95ಕ್ಕಿಂತ ಇಳಿದಾಗ ಮಾತ್ರ ಮೇಲುಗೊಬ್ಬರ ಹಾಕುವ ಪದ್ಧತಿಯುಂಟು. ತಳಿಯನ್ನು ಅದರೊಡನೆಯೇ ಹೋಲಿಸುವ ಈ ಕ್ರಮ ನಮಗೆ ಒಪ್ಪಿಗೆ. ಯಂತ್ರವಿಲ್ಲದವನಿಗೆ ಆ ನಾಲ್ಕು ಸಾಲುಗಳೇ ಅಳತೆಗೋಲಾಗಬಲ್ಲವು.

ದಾವಣಗೆರೆ, ಹಾವೇರಿಗಳಲ್ಲಿ ಸಂಕರ ಬಿತ್ತುವ ರೈತನು ವರ್ಷವರ್ಷವೂ ಹೊಸ ಬೀಜವನ್ನು ಹಣಕೊಟ್ಟು ಕೊಳ್ಳಬೇಕು. ಅವನು ಕೊಂಡ ಚೀಲದ ಮೇಲೆ ಆ ಸಂಕರದ ಸಹಜವಾದ ಹಸಿರನ್ನು ತೋರಿಸುವ ಬಣ್ಣದ ಪಟ್ಟಿಯೊಂದನ್ನು ಅಚ್ಚುಹಾಕಲು ಬೀಜದ ವ್ಯಾಪಾರಿಗಳಿಗೆ ಅದೆಷ್ಟು ಖರ್ಚಾದೀತು? ಶ್ರಾವಣದಲ್ಲಿ ಊರಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಅಕ್ಕಪಕ್ಕದ ಎರಡು ಹೊಲಗಳ ಎಲೆಗಳನ್ನು ಜೊತೆಗಿಟ್ಟು ನೋಡಲಿ. ಬೀಜದ ಹೆಸರನ್ನೂ ಕೇಳಿ ಬರೆದುಕೊಂಡು ಬರಲಿ.