‘ಸರ್ವರ್ ಇಲ್ಲ’ ಎಂಬುದು ಉತ್ತರವೆ?

ಮಳೆಗಾಲದ ಒಂದು ಮುಂಜಾನೆ ಕುಂದಾಪುರದಲ್ಲಾಗಲಿ, ಬೈಂದೂರಿನಲ್ಲಾಗಲಿ, ಬ್ರಹ್ಮಾವರದಲ್ಲಾಗಲಿ ಯಾವುದಾದರೊಂದು ಸೇವಾಕೇಂದ್ರದ ಜಗಲಿಯಲ್ಲಿ ಅರ್ಧ ಗಂಟೆ ನಿಂತು ನೋಡಿರಿ. ಪಹಣಿ ಪತ್ರಕ್ಕಾಗಿ ಬಂದ ರೈತ, ಪಡಿತರ ಚೀಟಿ ತಿದ್ದಿಸಲು ಬಂದ ಮುದುಕಿ, ಇಂದೇ ಕೊನೆಯ ದಿನವೆಂದು ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಓಡಿ ಬಂದ ಹುಡುಗಿ—ಎಲ್ಲರಿಗೂ ಒಂದೇ ಉತ್ತರ ದೊರೆಯುವ ದಿನಗಳುಂಟು: “ಸರ್ವರ್ ಇಲ್ಲ, ನಾಳೆ ಬನ್ನಿ.” ಕೇಳಿದವರು ಮರುಮಾತಾಡದೆ ಕೊಡೆ ಬಿಡಿಸಿ ಹೊರಡುತ್ತಾರೆ. ಗಾಳಿ ಸಿಡಿಲುಗಳಂತೆ ಇದೂ ಮನುಷ್ಯನ ಕೈಮೀರಿದ ಸಂಗತಿಯೆಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಸರ್ವರೆಂಬುದು ಒಂದು ಯಂತ್ರ, ಯಂತ್ರಕ್ಕೆ ಅಳತೆಯುಂಟು, ಅಳತೆಯುಳ್ಳದ್ದನ್ನು ಮೊದಲೇ ಪರೀಕ್ಷಿಸಬಹುದು.

ಹಿಂದೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಭೂದಾಖಲೆಗಳನ್ನು ಕರ್ನಾಟಕವು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಹೀಗೆ ಡೇಟಾಬೇಸಿನೊಳಗೆ ಸೇರಿದವು. ಇದರಿಂದಾದ ಅನುಕೂಲ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಒಂದು ಊರಿನ ಪುಸ್ತಕ ಸಿಗದಿದ್ದರೆ ಆ ಒಂದೂರಿಗೆ ಮಾತ್ರ ತೊಂದರೆಯಾಗುತ್ತಿದ್ದ ಕಾಲ ಹೋಗಿ, ಒಂದೆಡೆಯ ಯಂತ್ರ ನಿಂತರೆ ಹಲವು ಜಿಲ್ಲೆಗಳು ಕೈಕಟ್ಟಿ ಕೂರುವ ಕಾಲ ಬಂದಿದೆ. ಆದುದರಿಂದ ಆ ಯಂತ್ರದ ಶಕ್ತಿಯೆಷ್ಟೆಂಬ ಪ್ರಶ್ನೆ ತಜ್ಞರದಷ್ಟೇ ಅಲ್ಲ, ನಮ್ಮೆಲ್ಲರದು.

ಸಣ್ಣ ಸಂಸ್ಥೆಗಳು ಇಂದು ತಮ್ಮ ಡೇಟಾಬೇಸನ್ನು ದೂರದ ನಗರದಲ್ಲಿ ಬಾಡಿಗೆಗೆ ಪಡೆದ ಯಂತ್ರದಲ್ಲಿ ಇರಿಸುವುದು ರೂಢಿ. ದೂರವೇ ನಿಧಾನಕ್ಕೆ ಕಾರಣವೆಂದು ಹಲವರು ಭಾವಿಸುತ್ತಾರೆ. ಲೆಕ್ಕಹಾಕಿ ನೋಡೋಣ. ಕುಂದಾಪುರದಿಂದ ಮುಂಬಯಿಗೆ ನೇರ ದೂರ ಸುಮಾರು 650 ಕಿಲೋಮೀಟರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಹೋಗಿಬರಲು ಏಳು ಮಿಲಿಸೆಕೆಂಡು ಸಾಕು. ತಂತುವಿನ ದಾರಿ ಎರಡರಷ್ಟು ಸುತ್ತಾದರೂ ಹದಿನಾಲ್ಕು. ಕಣ್ಣೆವೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ತಡೆಯಿರುವುದು ಬಹುಮಟ್ಟಿಗೆ ಯಂತ್ರದೊಳಗೆ.

ಅದೆಂತೆಂದರೆ, ನಮ್ಮೂರ ದೇವಸ್ಥಾನದ ಪಂಕ್ತಿಭೋಜನವನ್ನು ನೆನೆಯಿರಿ. ನೂರು ಎಲೆ ಹಾಕುವಷ್ಟು ಜಾಗ. ಒಂದು ಊಟಕ್ಕೆ ಅರ್ಧ ಗಂಟೆ. ಗಂಟೆಗೆ ಇನ್ನೂರು ಮಂದಿ ಉಂಡೇಳುತ್ತಾರೆ. ಬಡಿಸುವುದು ತಡವಾಗಿ ಊಟಕ್ಕೆ ಒಂದು ಗಂಟೆ ಹಿಡಿದರೆ ಅದೇ ಜಾಗದಲ್ಲಿ ನೂರೇ ಮಂದಿ. ಒಳಗಿರುವವರ ಸರಾಸರಿ ಸಂಖ್ಯೆಯು, ಬರುವವರ ವೇಗವನ್ನು ತಂಗುವ ಕಾಲದಿಂದ ಗುಣಿಸಿದಷ್ಟು ಎಂಬ ಈ ಸಂಬಂಧವನ್ನು ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತರೀತ್ಯಾ ಸಾಧಿಸಿ ತೋರಿಸಿದರು. ಡೇಟಾಬೇಸಿಗೂ ಇದೇ ನಿಯಮ. ಏಕಕಾಲಕ್ಕೆ ಅನುಮತಿಸುವ ಸಂಪರ್ಕಗಳೇ ಎಲೆಗಳು, ಪ್ರೊಸೆಸರುಗಳೇ ಬಡಿಸುವವರು, ಮೆಮೊರಿಯು ಪಂಕ್ತಿಯ ಪಕ್ಕದಲ್ಲಿರಿಸಿದ ಪಾತ್ರೆ, ಡಿಸ್ಕು ಹಿಂಬದಿಯ ಉಗ್ರಾಣ.

ಪಾತ್ರೆಗೂ ಉಗ್ರಾಣಕ್ಕೂ ಇರುವ ಅಂತರ ಅಲ್ಪವಲ್ಲ. ಮೆಮೊರಿಯಿಂದ ಒಂದಂಶವನ್ನು ತೆಗೆಯಲು ಸುಮಾರು 100 ನ್ಯಾನೊಸೆಕೆಂಡು ಸಾಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನ ತಟ್ಟೆಯು ಅರ್ಧ ಸುತ್ತು ಬರುವುದಕ್ಕೇ ನಾಲ್ಕು ಮಿಲಿಸೆಕೆಂಡು ಮೀರುತ್ತದೆ. ಮೊದಲನೆಯದನ್ನು ಒಂದು ಸೆಕೆಂಡೆಂದು ಎಣಿಸಿದರೆ ಎರಡನೆಯದು ಹನ್ನೊಂದು ಗಂಟೆಗೂ ಮಿಕ್ಕೀತು! ತಿರುಗುವ ಭಾಗಗಳಿಲ್ಲದ ಇಂದಿನ ಎಸ್‌ಎಸ್‌ಡಿ ಡಿಸ್ಕುಗಳು ಇದಕ್ಕಿಂತ ಎಷ್ಟೋ ಪಾಲು ವೇಗವಾದವು. ಆದರೂ ಮೆಮೊರಿಗೆ ಸಮನಲ್ಲ.

ಇನ್ನು ನಮ್ಮ ಅನುಭವ. ನಾವು ಪಾಠ ಹೇಳುವ ಕಾಲೇಜಿನ ದಾಖಲಾತಿ ವಿವರಗಳು ಬಾಡಿಗೆಯ ಯಂತ್ರವೊಂದರಲ್ಲಿದ್ದವು. ಪ್ರವೇಶದ ದಿನಗಳಲ್ಲಿ ಅದು ತೆವಳುತ್ತಿತ್ತು. ಎರಡರಷ್ಟು ದೊಡ್ಡ ಯಂತ್ರವನ್ನೇ ತರೋಣವೆಂಬ ಸಲಹೆ ಬಂತು. ಮೊದಲು ಅಳೆಯೋಣವೆಂದು ನಾವೂ ಕೆಲವು ವಿದ್ಯಾರ್ಥಿಗಳೂ ಒಂದು ಶನಿವಾರ ಕುಳಿತೆವು. ಪ್ರೊಸೆಸರು ಎರಡು, ಮೆಮೊರಿ 4 ಗಿಗಾಬೈಟು. ಬಾಡಿಗೆಯ ಕರಾರಿನಲ್ಲಿದ್ದುದೂ ಅಷ್ಟೆ. ಡಿಸ್ಕಿನಲ್ಲಿ ಸ್ಥಳ ಧಾರಾಳ. ಬಾಡಿಗೆಯ ಯಂತ್ರಗಳಲ್ಲಿ ಒಂದೇ ಯಂತ್ರದ ಭಾಗಗಳನ್ನು ಹಲವರಿಗೆ ಹಂಚುವುದರಿಂದ, ನೆರೆಯವನ ಕೆಲಸಕ್ಕೆ ನಮ್ಮ ವೇಳೆ ಹೋಗುತ್ತಿದೆಯೇ ಎಂಬುದನ್ನೂ ನೋಡಿದೆವು; ಹಾಗಿರಲಿಲ್ಲ. ಬಳಿಕ ಡೇಟಾಬೇಸನ್ನೇ ಕೇಳಿದೆವು. ಅದು ‘ಪೋಸ್ಟ್‌ಗ್ರೆಸ್’ ಎಂಬ, ಯಾರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶ. ‘ಶೋ’ ಎಂಬ ಅಪ್ಪಣೆ ಕೊಟ್ಟರೆ ತನ್ನ ಹೊಂದಾಣಿಕೆಗಳನ್ನು ತಾನೇ ಹೇಳುತ್ತದೆ. ಕಡತದಲ್ಲಿ ಬರೆದದ್ದನ್ನಷ್ಟೇ ನಂಬಲಾಗದು. ಕೆಲವು ಬದಲಾವಣೆಗಳು ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಆರಂಭಿಸುವವರೆಗೆ ಜಾರಿಗೆ ಬಾರವು.

ಉತ್ತರ ಕಂಡು ನಾವು ನಾಚಿದೆವು. ಪದೇಪದೇ ಬೇಕಾಗುವ ಮಾಹಿತಿಯನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಲು ಮೀಸಲಾದ ಮೆಮೊರಿ 128 ಮೆಗಾಬೈಟು ಮಾತ್ರ; ಸಂಪರ್ಕಗಳ ಮಿತಿ 100. ಎರಡೂ ತಂತ್ರಾಂಶದೊಡನೆ ತಾನಾಗಿ ಬರುವ ಸಂಖ್ಯೆಗಳು. ಸ್ಥಾಪಿಸಿದಂದಿನಿಂದ ಯಾರೂ ಮುಟ್ಟಿರಲಿಲ್ಲ. ಡೇಟಾಬೇಸಿಗೇ ಮೀಸಲಾದ ಯಂತ್ರದಲ್ಲಿ ಮೆಮೊರಿಯ ನಾಲ್ಕನೆಯ ಒಂದು ಪಾಲಿನಿಂದ ಆರಂಭಿಸಬಹುದೆಂದು ಅದರ ಕೈಪಿಡಿಯೇ ಹೇಳುತ್ತದೆ. ಇದಲ್ಲದೆ, ವಿದ್ಯಾರ್ಥಿಯ ಹೆಸರು ಹುಡುಕುವ ಅಂಕಣಕ್ಕೆ ಸೂಚಿಯೇ ಇರಲಿಲ್ಲ. ಅಕಾರಾದಿ ಸೂಚಿಯಿಲ್ಲದ ದಪ್ಪ ಗ್ರಂಥದಲ್ಲಿ ಒಂದು ಹೆಸರಿಗಾಗಿ ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿದ ಹಾಗೆ! ಜನ ಹೆಚ್ಚಿದ ಹೊತ್ತಿನಲ್ಲಿ ಒಂದು ಹುಡುಕಾಟಕ್ಕೆ ನಾಲ್ಕು ಸೆಕೆಂಡು. ನೂರು ಎಲೆ, ನಾಲ್ಕು ಸೆಕೆಂಡಿನ ಊಟ: ಸೆಕೆಂಡಿಗೆ ಇಪ್ಪತ್ತೈದಕ್ಕಿಂತ ಹೆಚ್ಚು ಮಂದಿಗೆ ಬಡಿಸಲಾಗದು.

ಎಲೆಗಳನ್ನೇ ಐನೂರಕ್ಕೆ ಏರಿಸೋಣವೆಂದು ಒಬ್ಬ ವಿದ್ಯಾರ್ಥಿ ಸೂಚಿಸಿದ. ಬಡಿಸುವವರು ಇಬ್ಬರೇ ಇರುವಾಗ ಎಲೆ ಹೆಚ್ಚಿಸಿ ಫಲವೇನು? ಪ್ರತಿಯೊಂದು ಸಂಪರ್ಕವೂ ಒಂದಿಷ್ಟು ಮೆಮೊರಿಯನ್ನು ಬೇಡುವುದರಿಂದ ಯಂತ್ರ ಮತ್ತಷ್ಟು ಕುಸಿದೀತು. ನಾವು ಸೂಚಿಯನ್ನು ರಚಿಸಿ, ಮೀಸಲು ಮೆಮೊರಿಯನ್ನು 1 ಗಿಗಾಬೈಟಿಗೆ ಏರಿಸಿದೆವು. ಸಾಲು ಕರಗಿತು, ಬಾಡಿಗೆ ಒಂದು ರೂಪಾಯಿಯೂ ಹೆಚ್ಚಲಿಲ್ಲ. ಪ್ರತಿ ಸಲವೂ ಹೀಗೆಯೇ ಆದೀತೆಂದು ನಾವು ಹೇಳುವುದಿಲ್ಲ. ಯಂತ್ರವೇ ಚಿಕ್ಕದೆಂದು ಕಂಡುಬಂದರೆ ದೊಡ್ಡದನ್ನು ತರಲೇಬೇಕು. ಆದರೆ ಆಗ ವೆಚ್ಚಕ್ಕೆ ಸಾಕ್ಷಿಯಿರುತ್ತದೆ.

ಇನ್ನೊಂದು ಕಾರಣಕ್ಕೂ ಅಳತೆ ಬೇಕು. ಆಸ್ತಿ ನೋಂದಣಿಯ ‘ಕಾವೇರಿ 2.0’ ವ್ಯವಸ್ಥೆ 2025ರ ಜನವರಿಯಲ್ಲಿ ನಿಂತುಹೋದಾಗ, ಹೊರಗಿನಿಂದ ಕೃತಕ ಕೋರಿಕೆಗಳ ಸುರಿಮಳೆ ಕರೆದ ದಾಳಿಯೇ ಕಾರಣವೆಂದು ಸರಕಾರ ತಿಳಿಸಿತು. ಸಹಜವಾದ ಜನಸಂದಣಿ ಯಾವುದು, ದಾಳಿ ಯಾವುದು ಎಂದು ಬೇರ್ಪಡಿಸುವುದು ದಿನನಿತ್ಯದ ಎಣಿಕೆ ಇಟ್ಟವರಿಗೆ ಮಾತ್ರ ಸುಲಭ. ನಾಡಿಮಿಡಿತವೆಷ್ಟೆಂದು ಆರೋಗ್ಯದಲ್ಲಿದ್ದಾಗ ನೋಡದವನು ಜ್ವರದಲ್ಲಿ ಏನನ್ನು ಹೋಲಿಸಿಯಾನು?

ನಮ್ಮ ಕುಂದಾಪುರ ತಾಲ್ಲೂಕಿನ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ ತಲಾ 115 ಮೆಗಾವಾಟಿನ ನಾಲ್ಕು ಘಟಕಗಳು, ಒಟ್ಟು 460 ಮೆಗಾವಾಟು ಎಂಬುದನ್ನು ಇಲ್ಲಿನ ಶಾಲಾಬಾಲಕನೂ ಹೇಳಬಲ್ಲ. ಜನರ ದುಡ್ಡಿನಿಂದ ನಡೆಯುವ ಸರ್ವರುಗಳ ಸಾಮರ್ಥ್ಯವೂ ಹಾಗೆಯೇ ಬಹಿರಂಗವಾಗಿರಬಾರದೇಕೆ? ಸೆಕೆಂಡಿಗೆ ಎಷ್ಟು ಕೋರಿಕೆಗಳನ್ನು ಅದು ತಾಳಬಲ್ಲದು, ಕಳೆದ ತಿಂಗಳು ಎಷ್ಟು ಹೊತ್ತು ನಿಂತಿತ್ತು, ಅರ್ಜಿಯ ಕೊನೆಯ ದಿನಕ್ಕೆ ಮುಂಚೆ ಪರೀಕ್ಷೆ ನಡೆಯಿತೆ—ಈ ಮೂರು ಸಂಗತಿಗಳನ್ನು ಪ್ರಕಟಿಸಬೇಕೆಂಬುದು ನಮ್ಮ ಒತ್ತಾಯ. ಪರೀಕ್ಷೆ ನಡೆಸದೆ ಇದ್ದಲ್ಲಿ, ಯಂತ್ರ ನಿಂತಷ್ಟು ದಿನ ಅರ್ಜಿಯ ಅವಧಿಯನ್ನು ಮುಂದೂಡುವುದು ನ್ಯಾಯ.

ವಿದ್ಯಾರ್ಥಿಗಳಿಗೊಂದು ಮಾತು. ಪರರ ಸರ್ವರಿನ ಮೇಲೆ ಇಂಥ ಪ್ರಯೋಗ ಮಾಡತಕ್ಕದ್ದಲ್ಲ. ಅದೂ ದಾಳಿಯೇ ಆದೀತು. ನಿಮ್ಮ ಕಾಲೇಜಿನ ಸಾಧಾರಣ ಗಣಕಯಂತ್ರದಲ್ಲಿ ಪೋಸ್ಟ್‌ಗ್ರೆಸನ್ನು ಸ್ಥಾಪಿಸಿ, ಒಂದು ಲಕ್ಷ ಸಾಲುಗಳ ಪಟ್ಟಿಯನ್ನು ತುಂಬಿ, ಸೂಚಿಯಿದ್ದಾಗ ಮತ್ತು ಇಲ್ಲದಿದ್ದಾಗ ಹುಡುಕಾಟಕ್ಕೆ ಹಿಡಿಯುವ ಕಾಲವನ್ನು ಅಳೆದು ಬರೆದಿಡಿರಿ. ಲೋಲಕದ ಆವರ್ತಕಾಲವನ್ನು ಅಳೆಯುವುದರಷ್ಟೇ ಸರಳವಾದ ಪ್ರಯೋಗವಿದು. ಮುಂದೆ ನಿಮ್ಮಲ್ಲಿ ಕೆಲವರು ಇಂಥ ಯಂತ್ರಗಳ ಹೊಣೆ ಹೊರುವಿರಿ. ಆ ದಿನ ಜಗಲಿಯ ಮುದುಕಿಗೆ “ನಾಳೆ ಬನ್ನಿ” ಎನ್ನುವ ಬದಲು, ಹಿಂದಿನ ದಿನವೇ ಅಳೆದು ಸಿದ್ಧವಾಗಿರುವವರು ನೀವಾಗಿರಿ.