ಅಗ್ಗದ ತಗಡು, ತುಟ್ಟಿಯ ಸೂರು

ಮಹಾಗಣಪತಿಯಿಂದ ಹೆಸರಾದ ರಾಂಜಣಗಾಂವ ಇಂದು ಕಾರು, ಫ್ರಿಜ್ ತಯಾರಿಸುವ ದೊಡ್ಡ ಕಾರ್ಖಾನೆಗಳ ಊರು. ಹೊಟೇಲಿನಲ್ಲೋ ಗಿರಣಿಯಲ್ಲೋ ದುಡಿದು ಕೂಡಿಟ್ಟ ಹಣದಿಂದ ಅಲ್ಲಿ ಗ್ಯಾರೇಜಿಗೊಂದು ತಗಡಿನ ಷೆಡ್ಡು ಹಾಕಿಸಬಯಸುವ ಬಾಂಧವರಿಗೆ ನಾವು ಹೇಳುವುದಿಷ್ಟೇ: ಚದರಡಿಯ ದರವೊಂದನ್ನೇ ಕೇಳಿ ಮುಂಗಡ ಕೊಡಬೇಡಿರಿ.

ದರ ಇಳಿದರೆ ಎಲ್ಲಿಂದ ಇಳಿಯಿತೆಂದು ಕೇಳಬೇಕು. ತಗಡು ತೆಳುವಾಯಿತೇ? ಸತುವಿನ ಲೇಪ ಕಡಿಮೆಯಾಯಿತೇ? ಕಂಬದ ತೂಕ ಕುಗ್ಗಿತೇ? ಬಣ್ಣ ಬಳಿದ ಮೇಲೆ ಇದಾವುದೂ ಕಣ್ಣಿಗೆ ಕಾಣದು. ಹಗುರವಾದ ಸೂರಿಗೆ ಗಾಳಿಯೇ ದೊಡ್ಡ ವೈರಿ. ತೆರೆದ ಬಾಗಿಲಿನಿಂದ ನುಗ್ಗಿ ತಗಡನ್ನು ಒಳಗಿನಿಂದ ಮೇಲಕ್ಕೆತ್ತುತ್ತದೆ. ಪುಣೆಯ ಕಟ್ಟಡಗಳಿಗೆ ಲೆಕ್ಕ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್ ಎಂದು ಭಾರತೀಯ ಮಾನಕ 875 ಹೇಳುತ್ತದೆ. 2023ರ ಏಪ್ರಿಲಿನಲ್ಲಿ ಪಿಂಪ್ರಿ-ಚಿಂಚವಡದ ಕಿವಳೆಯಲ್ಲಿ ಗಾಳಿಮಳೆಗೆ ಕಬ್ಬಿಣದ ಜಾಹೀರಾತು ಫಲಕ ಉರುಳಿ ಐವರು ಸತ್ತರು.

ಆದ್ದರಿಂದ ಮೂವರಿಂದ ದರಪತ್ರ ತರಿಸಿರಿ; ಮೂವರಿಗೂ ಒಂದೇ ಅಳತೆ ಕೊಡಿರಿ. ಉಕ್ಕಿನ ಒಟ್ಟು ತೂಕ, ಬಣ್ಣ ಬಿಟ್ಟು ತಗಡಿನ ದಪ್ಪ, ಗಾಳಿಯ ಲೆಕ್ಕ, ಅಡಿಪಾಯದ ಹೊಣೆ, ತೆರಿಗೆ, ಸಾಗಣೆ ಎಲ್ಲವೂ ಬರಹದಲ್ಲಿರಲಿ. ಅವರು ನಾಲ್ಕೈದು ವರ್ಷದ ಹಿಂದೆ ಕಟ್ಟಿದ ಷೆಡ್ಡನ್ನು ಮಳೆಗಾಲದಲ್ಲಿ ಹೋಗಿ ನೋಡಿರಿ. ಹಣವನ್ನು ಕೆಲಸ ನಡೆದಂತೆ ಕಂತಿನಲ್ಲಿ ಕೊಡಿರಿ. ಬರೆದುಕೊಡಲು ಹಿಂಜರಿಯುವವನ ಅಗ್ಗ ನಮಗೆ ಬೇಡ.

ತಗಡು ಹಾರಿದ ಮೇಲೆ ಕರಾರುಪತ್ರ ಹುಡುಕುವುದು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆ ಸೂರಿನ ಕೆಳಗೆ ದಿನವಿಡೀ ನಿಂತು ದುಡಿಯುವವರು ನಮ್ಮವರೇ ಎಂಬುದನ್ನು ಮರೆಯದಿರೋಣ.