ಹಳೆಯ ಸಾಲಕ್ಕೆ ಹೊಸ ಬಡ್ಡಿ ಏಕೆ?

ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ ಶೇ 3.5 ಇದ್ದ ಬಡ್ಡಿಯನ್ನು ಎಸ್‌ಬಿಐ ಕಾರ್ಡ್ 2024ರ ನವೆಂಬರ್ 1ರಿಂದ ಶೇ 3.75ಕ್ಕೆ ಏರಿಸಿತು. ವರ್ಷದ ಲೆಕ್ಕದಲ್ಲಿ ಶೇ 45. ಬೇರೆ ಕೆಲವು ಬ್ಯಾಂಕುಗಳೂ ಅದೇ ಮಟ್ಟಕ್ಕೆ ಬಂದಿವೆ. ವರ್ಷಕ್ಕೆ ಶೇ 30 ಮೀರಿದ ಕಾರ್ಡ್ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಬಡ್ಡಿ ದರ ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ, ಅದು ರಿಸರ್ವ್ ಬ್ಯಾಂಕಿನ ವಿಷಯ ಎಂಬುದು ಅದರ ಸಾರ. ಹಾಗಿದ್ದ ಮೇಲೆ ಪ್ರಶ್ನೆಯನ್ನು ರಿಸರ್ವ್ ಬ್ಯಾಂಕಿಗೇ ಕೇಳಬೇಕು.

ನಂದಿನಿ ಲೇಔಟ್‌ನ ನಮ್ಮ ರಸ್ತೆಯಲ್ಲಿ ಟೈಲರಿಂಗ್ ಅಂಗಡಿ ನಡೆಸುವ ಅಕ್ಕ ಒಬ್ಬರು ತಮ್ಮ ಬಿಲ್ ತೋರಿಸಿದರು. ಮಗನ ಕಾಲೇಜು ಫೀಸಿಗೆ ಉಜ್ಜಿದ ಕಾರ್ಡು, ಬಾಕಿ 60,000 ರೂಪಾಯಿ. ಹಳೆಯ ದರದಲ್ಲಿ ತಿಂಗಳ ಬಡ್ಡಿ 2,100. ಶೇ 18 ಜಿಎಸ್‌ಟಿ ಸೇರಿ 2,478. ಹೊಸ ದರದಲ್ಲಿ 2,655. ಅವರು ಕಟ್ಟುವುದು 3,000. ಅದರಲ್ಲಿ ಅಸಲಿಗೆ ಮೊದಲು 522 ರೂಪಾಯಿ ಜಮೆಯಾಗುತ್ತಿತ್ತು, ಈಗ 345. ಕಾಲು ಪರ್ಸೆಂಟ್ ತಾನೇ ಎನ್ನುವವರು ಈ ಎರಡು ಅಂಕಿಗಳನ್ನು ನೋಡಲಿ. ಅಸಲಿಗೆ ಹೋಗುತ್ತಿದ್ದ ಹಣದಲ್ಲಿ ಮೂರನೇ ಒಂದು ಪಾಲು ಒಂದು ಎಸ್‌ಎಂಎಸ್‌ನಲ್ಲಿ ಕರಗಿತು. ಆ ಎಸ್‌ಎಂಎಸ್ ಕೂಡ ಇಂಗ್ಲಿಷಿನಲ್ಲಿತ್ತು.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಕಾರ್ಡುಗಳ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ ಗ್ರಾಹಕರಿಗೆ ರಕ್ಷಣೆ ಇಲ್ಲದೆ ಇಲ್ಲ. ಶುಲ್ಕ ಬದಲಿಸುವ ಮುನ್ನ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು. ಬದಲಾವಣೆ ಒಪ್ಪಿಗೆಯಾಗದವರು ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡ್ ಹಿಂದಿರುಗಿಸಬಹುದು. ಆದರೆ ಒಂದು ಷರತ್ತು: ಬಾಕಿಯೆಲ್ಲ ತೀರಿಸಿರಬೇಕು. ಇಲ್ಲೇ ಅನ್ಯಾಯ ಇರುವುದು. ಪ್ರತಿ ತಿಂಗಳೂ ಪೂರ್ತಿ ಕಟ್ಟುವವರಿಗೆ ದರ ಎಷ್ಟಾದರೇನು, ಅವರು ಬಡ್ಡಿಯನ್ನೇ ಕೊಡುವುದಿಲ್ಲ. ಬಡ್ಡಿಯ ಏಟು ಬೀಳುವುದು ಬಾಕಿ ಉಳಿಸಿಕೊಂಡವರಿಗೆ, ಮತ್ತು ಹೊರಹೋಗುವ ಬಾಗಿಲು ಮುಚ್ಚಿರುವುದೂ ಅವರಿಗೇ. ಫೀಸು ಕಟ್ಟಿದ ದಿನ ಆ ಅಕ್ಕ ಒಪ್ಪಿದ್ದು ಆ ದಿನದ ದರಕ್ಕೆ. ಖರ್ಚು ಮುಗಿದ ಮೇಲೆ ಅದರ ಬೆಲೆ ಏರಿಸುವ ಹಕ್ಕು ಬೇರೆ ಯಾವ ವ್ಯಾಪಾರಿಗೂ ಇಲ್ಲ.

ಬ್ಯಾಂಕಿನವರು ಅಡಮಾನವಿಲ್ಲದ ಸಾಲದ ಅಪಾಯದ ಮಾತಾಡುತ್ತಾರೆ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕಾರ್ಡ್ ಬಾಕಿಗೆ ಬ್ಯಾಂಕುಗಳು ಲೆಕ್ಕ ಹಾಕಬೇಕಾದ ಅಪಾಯದ ತೂಕವನ್ನು ಶೇ 125ರಿಂದ 150ಕ್ಕೆ ಏರಿಸಿದ್ದು ನಿಜ. ವೆಚ್ಚ ಹೆಚ್ಚಿದ್ದರೆ ನಾಳೆಯ ಖರೀದಿಗೆ ದರ ಏರಿಸಲಿ, ನಿನ್ನೆಯದಕ್ಕೆ ಏಕೆ? 2025ರಲ್ಲಿ ರೆಪೊ ದರ ಶೇ 6.5ರಿಂದ 5.25ಕ್ಕೆ ಇಳಿದಾಗ ರೆಪೊಗೆ ಜೋಡಿಸಿದ ಗೃಹಸಾಲಗಳಿಗೆ ಅದರ ಲಾಭ ಸಿಕ್ಕಿತು. ಕಾರ್ಡಿನ ಬಡ್ಡಿಗೆ ಅಂಥ ಜೋಡಣೆಯೇ ಇಲ್ಲ.

ಕರ್ನಾಟಕದಲ್ಲಿ ಲೇವಾದೇವಿದಾರರು ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಅಡವಿಲ್ಲದ್ದಕ್ಕೆ ಶೇ 16 ದಾಟುವಂತಿಲ್ಲ. ಆದರೆ ಈ ಮಿತಿ ಬ್ಯಾಂಕುಗಳಿಗಿಲ್ಲ. ಕಿರುಸಾಲದ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆಯೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳನ್ನು ಹೊರಗಿಟ್ಟಿತು. ಬಡ್ಡಿ ಅತಿಯಾಯಿತೆಂದು ಬ್ಯಾಂಕಿನ ಸಾಲದ ಲೆಕ್ಕವನ್ನು ಕೋರ್ಟು ಮತ್ತೆ ತೆರೆಯಲು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ಎ ಕಲಂ ಬಿಡುವುದಿಲ್ಲ. ಹೀಗೆ ಎಲ್ಲ ದಾರಿಗಳೂ ರಿಸರ್ವ್ ಬ್ಯಾಂಕಿನ ಬಾಗಿಲಿಗೇ ಬಂದು ನಿಲ್ಲುತ್ತವೆ.

ಬಂಡವಾಳಶಾಹಿಯ ತವರಾದ ಅಮೆರಿಕ ಕೂಡ 2009ರಲ್ಲೇ ಕಾನೂನು ಮಾಡಿತು: ದರ ಏರಿಕೆಗೆ 45 ದಿನಗಳ ನೋಟಿಸ್, ಹೊಸ ದರ ಸಾಮಾನ್ಯವಾಗಿ ಹೊಸ ಖರೀದಿಗೆ ಮಾತ್ರ. ಹಳೆಯ ಬಾಕಿ ಹಳೆಯ ದರದಲ್ಲೇ ತೀರಬೇಕೆಂಬ ಒಂದು ವಾಕ್ಯವನ್ನು ನಮ್ಮ ನಿರ್ದೇಶನಕ್ಕೆ ಸೇರಿಸಲು ರಿಸರ್ವ್ ಬ್ಯಾಂಕಿಗೆ ಸಂಸತ್ತಿನ ಹೊಸ ಕಾನೂನೇನೂ ಬೇಕಿಲ್ಲ.

ಅದು ಬರುವವರೆಗೆ, ನೋಟಿಸ್ ಸಿಗದೆ ದರ ಏರಿದ್ದರೆ ಬ್ಯಾಂಕಿಗೆ ಬರಹದಲ್ಲೇ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ. ಮಾಹಿತಿಗೆ ಸಹಾಯವಾಣಿ 14448.